ಬ್ರೇಕಿನ ಮೇಲಿನ ಕಾಲು

ಇಂಡಿ ಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯ ವಕೀಲರ ಬಳಿ ಅವರ ಅಜ್ಜನ ಕಾಲದ ಕಾರಿತ್ತು. ಅದರ ತಂತಿ ಕಡ್ಡಿಯ ಚಕ್ರಗಳು ಬೋಲ್ಟಿನಿಂದಲ್ಲ, ಆಕ್ಸಲ್ ತುದಿಯ ಹಲ್ಲುಗಳಿಗೆ ಕಚ್ಚಿಕೊಂಡು ನಿಲ್ಲುತ್ತಿದ್ದವು. ಆ ಹಲ್ಲುಗಳು ಸವೆದಿವೆಯೇ ಎಂದು ನೋಡುವುದು ವಕೀಲರ ಭಾನುವಾರದ ಪೂಜೆ. ಜಾಕ್ ಹಚ್ಚಿ ಚಕ್ರ ಎತ್ತುವರು, ಹೆಂಡತಿಯನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಸುವರು, ತಾವು ಕುಕ್ಕರಗಾಲಲ್ಲಿ ಕೂತು ಚಕ್ರವನ್ನು ಹಿಂದೆ ಮುಂದೆ ಅಲುಗಿಸುವರು. ಬ್ರೇಕ್ ಆಕ್ಸಲನ್ನು ಹಿಡಿದಿರುವಾಗ, ಹಲ್ಲು ಗಟ್ಟಿಯಿದ್ದರೆ ಚಕ್ರ ಕದಲಬಾರದು. ಪ್ರತಿ ಸಲವೂ ಕಟಕ್ ಎಂದು ಕದಲುತ್ತಿತ್ತು.

“ಬ್ರೇಕ್ ಬಿಟ್ಟಿ ನೋಡು ನೀ!”

“ಒತ್ತೇ ಹಿಡದೇನ್ರಿ.”

“ಹಂಗಾರ ಸಪ್ಪಳ ಯಾಕ ಬಂತು?”

ತೀರ್ಪು ಅಲ್ಲಿಗೆ ಮುಗಿಯುತ್ತಿತ್ತು. ಹಲ್ಲು ನಿರ್ದೋಷಿ, ಹೆಂಡತಿಯ ಕಾಲು ಅಪರಾಧಿ.

ಹೋದ ವರ್ಷ ಚಡಚಣದಲ್ಲಿ ಅವರ ತಂಗಿಯ ಮಗನ ಮದುವೆ. ಅದೇ ಕಾರಿನಲ್ಲಿ ವರನ ಮೆರವಣಿಗೆ ಹೊರಟಿತು, ವಕೀಲರೇ ಚಾಲಕರು. ನಡುಬೀದಿಯಲ್ಲಿ ಗಾಡಿ ನಿಂತಿತು. ಎಂಜಿನ್ ಗುಡುಗಿತು, ಆಕ್ಸಲ್ ಗರಗರ ತಿರುಗಿತು, ಹಲ್ಲು ಪೂರಾ ಸವೆದಿದ್ದರಿಂದ ಚಕ್ರ ಮಾತ್ರ ಮಿಸುಕಲಿಲ್ಲ.

ವಕೀಲರು ಇಳಿದು ಬೆವರು ಒರೆಸಿಕೊಂಡರು. ರೂಢಿಯಂತೆ ಅವರ ಕಣ್ಣು ಹೆಂಡತಿಯನ್ನು ಹುಡುಕಿತು. ಆಕೆ ಹೆಂಗಸರ ನಡುವೆ ಆರತಿ ತಟ್ಟೆ ಹಿಡಿದು ನಿಂತಿದ್ದರು. ಸೀರೆಯ ನೆರಿಗೆಯನ್ನು ತುಸು ಎತ್ತಿ ತೋರಿಸಿದರು.

“ಎರಡೂ ಕಾಲು ಇಲ್ಲೇ ಅದಾವ್ರಿ.”