ಈ ವರ್ಷ ನಂದು, ಮುಂದಿನ ವರ್ಷ ನಿಂದು

ಅವಳನ್ನು ಇಲ್ಲಿ ಗೆಳತಿ ಎಂದೇ ಕರೆಯುತ್ತೇನೆ. ಬೇರೆ ಪದಗಳೂ ಬಾಯಿಗೆ ಬಂದಿವೆ, ಆದರೆ ಅವನ್ನು ಅಚ್ಚು ಹಾಕಿಸುವಂತಿಲ್ಲ. ಅವಳದು ಮಾಯಸಂದ್ರ, ಹೈಸ್ಕೂಲಿನಲ್ಲಿ ಕನ್ನಡ ಮೇಡಮ್ಮು. ನಾನು ದಂಡಿನಶಿವರದ ಕಡೆಯ ಒಂದು ತೆಂಗಿನ ತೋಟದ ಮನೆಯ ಸೊಸೆ. ತುರುವೇಕೆರೆಯಲ್ಲಿ ನಡೆದ ಒಂದು ಕಥಾ ಕಮ್ಮಟದಲ್ಲಿ ಊಟದ ಸಾಲಿನಲ್ಲಿ ಹಿಂದೆ ಮುಂದೆ ನಿಂತಿದ್ದವರು, ಮಜ್ಜಿಗೆ ಬರುವಷ್ಟರಲ್ಲಿ ಮನೆಯ ಕಷ್ಟಸುಖವೆಲ್ಲ ಹೇಳಿಕೊಂಡಿದ್ದೆವು. ಅಲ್ಲಿಂದ ಮುಂದೆ ನಾನು ಬರೆದದ್ದನ್ನು ಮೊದಲು ಓದುವವಳು ಅವಳು, ಅವಳು ಬರೆದದ್ದನ್ನು ಮೊದಲು ಓದುವವಳು ನಾನು. ಭಾನುವಾರ ಬಂದರೆ ಒಂದೋ ಅವಳು ನಮ್ಮ ಮನೆಯಲ್ಲಿ, ಇಲ್ಲ ನಾನು ಅವಳ ಮನೆಯಲ್ಲಿ.

ನಮ್ಮ ಮನೆಯಲ್ಲಿ ನನ್ನ ಬರವಣಿಗೆಗೆ ‘ಗೀಚೋದು’ ಎಂದು ಹೆಸರು. ನನ್ನ ಯಜಮಾನರು ಬೈಯುವುದಿಲ್ಲ, ಹೊಗಳುವುದೂ ಇಲ್ಲ. ಹಿತ್ತಲಲ್ಲಿ ನಾನು ಹೂವಿನ ಗಿಡ ಬೆಳೆಸುವುದನ್ನು ಹೇಗೆ ನೋಡುತ್ತಾರೋ ಹಾಗೆ ಇದನ್ನೂ ನೋಡುತ್ತಾರೆ. ನನ್ನ ಪರವಾಗಿ ನಿಂತವರು ಒಬ್ಬರೇ, ನಮ್ಮತ್ತೆ. ಅವರಿಗೆ ಓದು ಬಾರದು. ಆದರೆ ಮಧ್ಯಾಹ್ನ ಯಾರಾದರೂ ಬಂದು ನನ್ನನ್ನು ಕೂಗಿದರೆ, ಜಗಲಿಯ ಮೇಲೆ ಕೂತಲ್ಲಿಂದಲೇ ಗದರುವರು. “ಬರೀತಾವ್ಳೆ ಕಣಪ್ಪ. ಆಮ್ಯಾಕ್ ಬಾ, ಏನ್ ಊರು ಮುಳುಗೋಯ್ತಾ?” ಹೀಗೆ ಅವರು ಕಾವಲು ಕಾದದ್ದರಿಂದಲೇ ನನ್ನ ಕಥೆಗಳಾದವು. ಮಗಳು ಸ್ಲೇಟು ಹಿಡಿದಿದ್ದಾಗ ಶುರುವಾದ ಕಥೆಗಳು ಪುಸ್ತಕವಾಗುವಷ್ಟರಲ್ಲಿ ಅವಳ ಮದುವೆಯೇ ಆಗಿಹೋಗಿತ್ತು. ಇನ್ನೊಂದು ಪುಸ್ತಕವಾಗುವಷ್ಟು ಕಥೆ ನನ್ನಲ್ಲಿ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ತಿಪಟೂರಿನ ಪ್ರೆಸ್ಸಿನಿಂದ ಪುಸ್ತಕದ ಕಟ್ಟು ಬಂದ ದಿನ ಅತ್ತೆ ಒಂದನ್ನು ಕೈಗೆತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ, “ಇದುಕ್ಕೆ ಶಾಲು ಹೊದಿಸ್ತಾರಂತಲ್ಲ, ಯಾವಾಗ?” ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ಆದರೆ ಆಸೆ ಹುಟ್ಟಿದ್ದು ಆವತ್ತೇ. ಒಂದೇ ಒಂದು ಸಲ ಮೈಕಿನಲ್ಲಿ ನನ್ನ ಹೆಸರು ಕೂಗಬೇಕು, ನಮ್ಮತ್ತೆ ಮುಂದಿನ ಸಾಲಿನಲ್ಲಿ ಕೂತು ಅದನ್ನು ಕೇಳಬೇಕು. ಪ್ರಶಸ್ತಿಯೆಲ್ಲ ನನಗೆ ಲೆಕ್ಕಕ್ಕಿಲ್ಲ ಎನ್ನುವ ದೊಡ್ಡಸ್ತಿಕೆ ನನಗಿಲ್ಲ. ನನಗೆ ಬೇಕಿತ್ತು. ತುಂಬಾ ಬೇಕಿತ್ತು.

ಅದೇ ವರ್ಷ, ಅದೇ ಪ್ರೆಸ್ಸಿನಲ್ಲಿ, ಗೆಳತಿಯ ಸಂಕಲನವೂ ಬಂತು. ಜಿಲ್ಲೆಯ ಒಂದು ಪ್ರತಿಷ್ಠಾನದವರು ವರ್ಷಕ್ಕೊಂದು ಕಥಾ ಪ್ರಶಸ್ತಿ ಕೊಡುತ್ತಾರೆ. ಅದರ ಪ್ರಕಟಣೆ ಬಂದ ಪೇಪರನ್ನು ಹಿಡಿದುಕೊಂಡು ಅವಳೇ ನಮ್ಮ ಮನೆಗೆ ಬಂದಳು.

ನಾನು ಅಟ್ಟದ ಮೇಲಿದ್ದೆ. ನಮ್ಮ ಕಡೆ ಕಿತ್ತ ಕಾಯನ್ನು ಅಟ್ಟಕ್ಕೆ ಏರಿಸಿ ಹೆಚ್ಚುಕಡಿಮೆ ಒಂದು ವರ್ಷ ಹಾಗೇ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು. ಆಗ ಅದು ಕೊಬ್ಬರಿ. ನಾನು ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಆದದ್ದನ್ನು ಈ ಕಡೆ, ಆಗದ್ದನ್ನು ಆ ಕಡೆ ಹಾಕುತ್ತಿದ್ದೆ. ಮೈಯೆಲ್ಲ ಧೂಳು. ಅವಳು ಏಣಿಯ ಬುಡದಲ್ಲಿ ಕಾಫಿ ಲೋಟ ಹಿಡಿದು ನಿಂತು ಗಟ್ಟಿಯಾಗಿ ಓದತೊಡಗಿದಳು.

“ನಾಕು ಪ್ರತಿ ಕಳಿಸ್ಬೇಕಂತೆ ಕಣೇ. ಒಂದು ಫೋಟೋ, ಪರಿಚಯ. ಜಿಲ್ಲೆಯವರೇ ಆಗಿರ್ಬೇಕಂತೆ. ಕಳಿಸಿದ ಪುಸ್ತಕ ವಾಪಸ್ ಕೊಡಲ್ವಂತೆ.”

“ಅಷ್ಟೇನಾ?”

“ಅಷ್ಟೇ. ಇನ್ನೇನು, ಜಾತಕ ಕೇಳ್ತಾರಾ?”

ಮೇಲಿಂದ ನಾನು ನಕ್ಕೆ. ಅವಳೂ ನಕ್ಕಳು. ಒಂದು ಗುಟುಕು ಕಾಫಿ ಕುಡಿದು ಹೇಳಿದಳು: “ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಒಂದೇ ತಾಲ್ಲೂಕು, ಒಂದೇ ಪ್ರೆಸ್ಸು, ಇಬ್ರೂ ಹೆಂಗಸ್ರು. ಎರಡೂ ಹೋದ್ರೆ ಎರಡ್ನೂ ಪಕ್ಕಕ್ಕಿಡ್ತಾರೆ ನೋಡು. ಈ ವರ್ಷ ನಂದು ಹೋಗ್ಲಿ, ಮುಂದಿನ ವರ್ಷ ನಿಂದು. ರಿಟೈರ್ ಆಗೋದ್ರೊಳಗೆ ಒಂದು ಬಂದ್ರೆ ಸ್ಕೂಲ್ನೋರ ಮುಂದೆ ಒಂದು ಮರ್ಯಾದೆ ಕಣೇ ನಂಗೆ.”

“ಆಯ್ತು ಬುಡು, ಅದಕ್ಕೇನಂತೆ,” ಎಂದೆ. ಕೈಯಲ್ಲಿದ್ದ ಕಾಯನ್ನು ಕೆಳಗಿಡುವಷ್ಟು ಹೊತ್ತೂ ಯೋಚಿಸಲಿಲ್ಲ.

ಯಾಕೆ ಯೋಚಿಸಲಿಲ್ಲ ಎಂದರೆ ನಾವು ಬದುಕುವ ಕ್ರಮವೇ ಅದು. ಕೊಬ್ಬರಿ ಸುಲಿಯುವ ಆಳುಗಳ ಗುಂಪು ಊರಿಗೆ ಬಂದಾಗ ಎಲ್ಲರ ಅಟ್ಟವನ್ನೂ ಒಟ್ಟಿಗೆ ಇಳಿಸಲಾಗುವುದಿಲ್ಲ. ಅಕ್ಕಪಕ್ಕದವರು ಬೇಲಿಯ ಹತ್ತಿರ ನಿಂತು, ‘ಈ ಸಲ ನಿಮ್ಮದು ಮೊದ್ಲು ಆಗ್ಲಿ, ಆಮೇಲೆ ನಮ್ಮದು’ ಎಂದು ಮಾತಾಡಿಕೊಳ್ಳುತ್ತಾರೆ. ಚೀಟಿಯಿಲ್ಲ, ಸಾಕ್ಷಿಯಿಲ್ಲ. ಬಿಟ್ಟುಕೊಟ್ಟವರಿಗೆ ನಷ್ಟವೂ ಇಲ್ಲ, ಚಿಪ್ಪಿನೊಳಗಿನ ಕೊಬ್ಬರಿ ಇನ್ನೊಂದಷ್ಟು ದಿನ ಸುಮ್ಮನೆ ಕಾಯುತ್ತದೆ. ಪುಸ್ತಕವೂ ಹಾಗೇ ಕಾಯುತ್ತದೆ ಅಂದುಕೊಂಡೆ. ಬೇರೆ ಊರಿನವಳಾಗಿದ್ದರೆ ಏಣಿ ಇಳಿದು ಬಂದು, ‘ಎಲ್ಲಿ, ಆ ಪೇಪರ್ ಕೊಡು’ ಎನ್ನುತ್ತಿದ್ದಳೋ ಏನೋ. ಸುತ್ತ ಕಾಯಿ ಹರವಿಕೊಂಡು ಕೂತವಳಿಗೆ ಬೇರೆ ಏನು ಹೊಳೆಯಬೇಕು?

ಒಪ್ಪಿದ್ದು ಸಾಲದೆಂದು ಸೇವೆಯನ್ನೂ ಮಾಡಿದೆ. ಅವಳ ಪರಿಚಯದ ಹಾಳೆಯನ್ನು ತಿದ್ದಿದ್ದು ನಾನು. ಪಾರ್ಸೆಲ್ಲಿಗೆ ದಾರ ಕಟ್ಟಿದ್ದು ನಾನು. ಪ್ರಶಸ್ತಿ ಅವಳಿಗೇ ಬಂತು. ತುಮಕೂರಿನಲ್ಲಿ ಸಮಾರಂಭ. ಅತ್ತೆಯನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂತು ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳ ಹಣ್ಣಿನ ಬುಟ್ಟಿ ನನ್ನ ತೊಡೆಯ ಮೇಲಿತ್ತು. ಅವಳು ಕಿಟಕಿಗೆ ಒರಗಿ ನಿದ್ದೆ ಮಾಡುತ್ತಿದ್ದಳು, ಅಥವಾ ಹಾಗೆ ನಟಿಸುತ್ತಿದ್ದಳು.

“ನಿಂದು?” ಎಂದು ಅತ್ತೆ ಕೇಳಿದರು.

“ಮುಂದಿನ ವರ್ಷ, ಅತ್ತೆ.”

“ಅಷ್ಟೊತ್ಗೆ ನಾನ್ ಇರ್ಬೇಕಲ್ಲ!” ಎಂದು ಬೊಚ್ಚುಬಾಯಿ ಬಿಟ್ಟು ನಕ್ಕರು.

ಅವರೇನೋ ಇದ್ದರು. ಮುಂದಿನ ವರ್ಷ ಪ್ರಕಟಣೆ ಬಂತೆಂದು ಪ್ರೆಸ್ಸಿನವರು ಫೋನಿನಲ್ಲಿ ತಿಳಿಸಿದ ಕೂಡಲೇ ನಾನು ತಿಪಟೂರಿನ ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿದೆ. ನಿಯಮ ಹೋದ ವರ್ಷವೇ ಕೇಳಿದ್ದೆನಲ್ಲ, ಮತ್ತೆ ಓದುವುದೇನಿದೆ! ಫೋಟೋ, ಪರಿಚಯ, ನಾಲ್ಕು ಪ್ರತಿ ಕಟ್ಟಿ ಕಳಿಸಿದೆ. ಅತ್ತೆ ಆಗಲೇ ಟ್ರಂಕಿನಿಂದ ತಮ್ಮ ಮೈಸೂರು ಸಿಲ್ಕ್ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದರು.

ಕೆಲವು ದಿನ ಕಳೆದು ಪ್ರತಿಷ್ಠಾನದ ಕಚೇರಿಯಿಂದ ಫೋನು. ಮೆತ್ತಗೆ ಮಾತಾಡುವ ಮನುಷ್ಯ.

“ಅಮ್ಮಾ, ನಿಮ್ಮ ಪುಸ್ತಕ ಹೋದ ವರ್ಷ ಅಚ್ಚಾಗಿರೋದು. ಅದು ಹೋದ ವರ್ಷದ ಸ್ಪರ್ಧೆಗೇ ಬರ್ಬೇಕಿತ್ತು. ಈಗ ತಗೊಳೋಕೆ ಬರಲ್ಲ.”

“ಇದು ಈ ಸಲ ಮಾಡಿರೋ ನಿಯಮವಾ?”

“ಇಲ್ಲಮ್ಮ, ಮೊದ್ಲಿಂದ್ಲೂ ಐತೆ. ಪ್ರಕಟಣೇಲಿ ಮೊದಲನೇ ಸಾಲೇ ಅದು.” ನನಗೆ ಸಮಾಧಾನವಾಗಲಿ ಎಂದೋ ಏನೋ, ಮುಂದುವರಿಸಿದ: “ಹೋದ ಸಲ ನಿಮ್ಮ ಕಡೆ ಮೇಡಂಗೆ ಬಂತಲ್ಲ, ಅವರೂ ಫೋನ್ ಮಾಡಿ ಇದನ್ನೇ ಕೇಳಿದ್ರು. ಈ ವರ್ಷ ಬಿಟ್ಟು ಮುಂದಿನ ವರ್ಷ ಕಳಿಸಿದ್ರೆ ನಡೆಯುತ್ತಾ ಅಂತ. ಆಗಲ್ಲ ಮೇಡಂ, ಪುಸ್ತಕಕ್ಕೆ ಇದೊಂದೇ ಅವಕಾಶ ಅಂದಿದ್ದೆ. ಅವರ ಪುಸ್ತಕದ ಬಗ್ಗೆ ಕೇಳ್ತಿದಾರೆ ಅಂದ್ಕೊಂಡಿದ್ದೆ.”

ಫೋನಿಟ್ಟೆ. ಅತ್ತೆ ಬಂದು ಏನಂತೆ ಎಂದರು. ಪುಸ್ತಕ ಹಳೇದಾಯ್ತಂತೆ ಎಂದೆ. “ಅಯ್ಯೋ ಇವರ ಮನೆ ಕಾಯೋಗ! ಬಿಚ್ಚಿ ನೋಡುದ್ರಂತಾ?” ಎಂದು ಅವರು ಬೈದುಕೊಂಡೇ ಹೋಗಿ ಸೀರೆ ಮಡಿಸತೊಡಗಿದರು. ಅದನ್ನು ನೋಡಲಾಗದೆ ನಾನು ಚಪ್ಪಲಿ ಹಾಕಿಕೊಂಡು ಮಾಯಸಂದ್ರದ ಬಸ್ಸು ಹಿಡಿಯಲು ಹೊರಟೆ.

ದಾರಿಯುದ್ದಕ್ಕೂ ಅವಳ ಪರವಾಗಿ ನಾನೇ ವಾದ ಮಾಡಿದೆ. ಅಟ್ಟದ ಮಾತಾದ ಮೇಲೆ ಅವಳಿಗೆ ಅನುಮಾನ ಬಂದಿರಬೇಕು, ಆಗ ಫೋನ್ ಮಾಡಿರಬೇಕು, ಅಷ್ಟು ಹೊತ್ತಿಗೆ ಪುಸ್ತಕ ಕಳಿಸಿಯಾಗಿತ್ತು, ನನಗೆ ಹೇಳಲು ಹೆದರಿರಬೇಕು. ಹೆದರಿಕೆಯನ್ನು ಕ್ಷಮಿಸಬಹುದು. ತುರುವೇಕೆರೆಯಲ್ಲಿ ಬಸ್ಸು ಬದಲಿಸುವಷ್ಟರಲ್ಲಿ ಮುಕ್ಕಾಲು ಭಾಗ ಕ್ಷಮಿಸಿಯೇ ಬಿಟ್ಟಿದ್ದೆ. ಎಂಥಾ ದಡ್ಡಿ ನಾನು!

ಅವಳ ಮನೆಯ ಹಾಲಿನಲ್ಲಿ ಷೋಕೇಸು. ಅದರಲ್ಲಿ ಮಡಿಸಿಟ್ಟ ಶಾಲು, ಪಕ್ಕದಲ್ಲಿ ಫಲಕ. ನನ್ನ ಮುಖ ನೋಡುತ್ತಲೇ ಅವಳಿಗೆ ಗೊತ್ತಾಯಿತು. ಬಾ ಎನ್ನಲೂ ಇಲ್ಲ, ಕೂರು ಎನ್ನಲೂ ಇಲ್ಲ.

“ಕಚೇರಿಗೆ ಯಾವಾಗ ಫೋನ್ ಮಾಡಿದ್ದೆ?” ಎಂದೆ.

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ನಂಬುತ್ತಿದ್ದೆ, ನಂಬಲೆಂದೇ ಹೋಗಿದ್ದೆ. ಅವಳು ಸೆರಗಿನ ತುದಿ ನೋಡುತ್ತಾ ಹೇಳಿದಳು: “ನಿಮ್ಮನೆಗೆ ಬರೋಕೆ ಮುಂಚೆ.”

“ಆ ಸಾಲು ಬಿಟ್ಟು ಓದಿದ್ದು...”

“ಬೇಕಂತ್ಲೇ ಕಣೇ.”

ಬಾಯಿಗೆ ಬಂದದ್ದೆಲ್ಲ ಅಂದೆ. ನನ್ನ ಮನೆಯ ಕಾಫಿ ಕುಡಿದುಕೊಂಡು ನನ್ನ ಕತ್ತು ಕುಯ್ದೆಯಲ್ಲೇ ಎಂದೆ. ನಮ್ಮತ್ತೆಯ ಕಣ್ಣೀರು ನಿನಗೆ ತಟ್ಟದೆ ಬಿಡಲ್ಲ ಎಂದೆ. ಅತ್ತೆ ಅತ್ತಿರಲಿಲ್ಲ, ಅಳುತ್ತಿದ್ದವಳು ನಾನು. ಅವಳು ಅಷ್ಟನ್ನೂ ಕೇಳಿಸಿಕೊಂಡಳು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಬಾಯಿಬಿಟ್ಟಳು.

“ಎರಡೂ ಹೋಗಿದ್ರೆ ನಿಂಗೇ ಬರ್ತಿತ್ತು. ಪ್ರೂಫ್ ಓದಿದಾಗ್ಲೇ ಗೊತ್ತಾಯ್ತು ನಂಗೆ. ನಿಂದರ ಮುಂದೆ ನಂದು ಏನೂ ಅಲ್ಲ.”

ಅಷ್ಟು ವರ್ಷದಲ್ಲಿ ಅವಳು ನನ್ನ ಕಥೆಯನ್ನು ಚೆನ್ನಾಗಿದೆ ಎಂದದ್ದು ಅದೇ ಮೊದಲು. ಕೇಳಿ ಸಂತೋಷಪಡುವುದೋ ಕೆನ್ನೆಗೆ ಬಾರಿಸುವುದೋ ತಿಳಿಯದೆ ನಿಂತೆ.

“ಕೇಳ್ಬಾರ್ದಿತ್ತಾ?” ಎಂದೆ. “ನಿಜ ಹೇಳಿ ಕೇಳ್ಬಾರ್ದಿತ್ತಾ? ಇದು ಇಬ್ರಿಗೂ ಒಂದೇ ಅವಕಾಶ, ನಂಗೆ ಬಿಟ್ಟುಕೊಡು ಅಂದಿದ್ರೆ ಬಿಡ್ತಿರ್ಲಿಲ್ವಾ ನಾನು?”

ಬಿಡುತ್ತಿದ್ದೆ. ಅತ್ತೆಗೆ ಏನಾದರೂ ನೆಪ ಹೇಳಿ, ರಾತ್ರಿ ದಿಂಬಿಗೆ ಮುಖ ಕೊಟ್ಟು ಅತ್ತಾದರೂ ಬಿಡುತ್ತಿದ್ದೆ. ಅದು ನನಗೆ ಗೊತ್ತು, ಅವಳಿಗೂ ಗೊತ್ತು.

“ಬಿಡ್ತಿದ್ದೆ,” ಎಂದಳು. “ಅದಕ್ಕೇ ಕೇಳ್ಲಿಲ್ಲ. ನೀನು ಕೊಟ್ಟಿದ್ದನ್ನ ಹೊದ್ಕೊಂಡು ಜೀವನ ಪೂರ್ತಿ ನಿನ್ನ ಮುಖ ಹೆಂಗೆ ನೋಡ್ಲಿ? ನಂಗೆ ಗೆಲ್ಲಬೇಕಿತ್ತು ಕಣೇ.”

“ಗೆದ್ದೆಯಾ? ಯಾರ ಮೇಲೆ ಗೆದ್ದೆಯೇ?”

ನಾನು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡೆ. ಅವಳು ಬಾಗಿಲವರೆಗೂ ಬಂದು ನಿಂತಳು, ಬೀದಿಯ ತಿರುವಿನವರೆಗೂ ನೋಡುತ್ತಿದ್ದಳೇನೋ, ನಾನು ತಿರುಗಲಿಲ್ಲ. ಅಲ್ಲಿಂದ ಈಚೆಗೆ ಒಂದೇ ಒಂದು ಕಥೆ ಬರೆದಿದ್ದೇನೆ. ಬರೆದು ಮುಗಿಸಿದ ಕೂಡಲೇ, ಅಭ್ಯಾಸಬಲದಿಂದ, ಅವಳಿಗೆ ಓದಿ ಹೇಳಲೆಂದು ಫೋನಿಗೆ ಕೈ ಹಾಕಿದ್ದೆ.