ಬಣ್ಣ ನಂಬದ ಗಂಟಣ್ಣ

ಗಂಟಣ್ಣನೆಂದರೆ ನಮ್ಮ ಬೀದಿಯ ಕೊನೆಯಲ್ಲಿರುವ ಕಾರು ರಿಪೇರಿ ಶೆಡ್ಡಿನ ಎಲೆಕ್ಟ್ರಿಷಿಯನ್. ವಯಸ್ಸು ಐವತ್ತು ದಾಟಿದೆ. ಆದರೂ ನನ್ನ ಹಳೆಯ ವಿದ್ಯಾರ್ಥಿಯಾದುದರಿಂದ ಏಕವಚನದಲ್ಲಿಯೇ ಬರೆಯುತ್ತೇನೆ. ಅವನು ಅದಕ್ಕೆಲ್ಲ ಬೇಸರ ಮಾಡಿಕೊಳ್ಳುವವನಲ್ಲ. ಅವನ ಕಣ್ಣಿಗೆ ಕೆಂಪು ಮತ್ತು ಹಸಿರು ಒಂದೇ ತೆರನಾಗಿ ಕಾಣುತ್ತವೆ. ಮೂರನೆಯ ತರಗತಿಯಲ್ಲಿ ಎಲೆಯ ಚಿತ್ರಕ್ಕೆ ಕೆಂಪು ಬಳಿದು ತಂದಾಗ ತುಂಟತನವೆಂದುಕೊಂಡು ನಾನು ಅವನ ಕಿವಿ ಹಿಂಡಿದ್ದೆ. ಅದು ಕಣ್ಣಿನ ಗುಣವೆಂದು ನನಗೆ ತಿಳಿಯುವಷ್ಟರಲ್ಲಿ ಅವನು ಶಾಲೆ ಬಿಟ್ಟು ಹತ್ತು ವರ್ಷಗಳಾಗಿದ್ದವು.

ಇಂಥವನು ತಂತಿಯ ಕೆಲಸಕ್ಕೆ ಹೇಗೆ ಸೇರಿದ? ಯಾರಾದರೂ ಕೇಳಿದರೆ ಅವನ ಉತ್ತರ ಸಿದ್ಧವಾಗಿರುತ್ತದೆ: "ಕರೆಂಟಿಗೆ ಬಣ್ಣ ಇದೆಯಾ? ಇದ್ರೆ ತೋರ್ಸಿ, ನಾನೂ ನೋಡ್ತೀನಿ."

ತಂತಿಯ ಒಂದು ತುದಿಗೆ ಬ್ಯಾಟರಿ ಮುಟ್ಟಿಸಿ, ಕಂತೆಯ ಆಚೆ ಬದಿಯ ತುದಿಗಳಿಗೆ ಒಂದೊಂದಾಗಿ ಪುಟ್ಟ ಬಲ್ಬು ಹಿಡಿಯುತ್ತಾನೆ. ಬಲ್ಬು ಹೊತ್ತಿದರೆ ಎರಡೂ ಒಂದೇ ತಂತಿಯ ತುದಿಗಳೆಂದು ಅರ್ಥ. ಕೂಡಲೇ ಎರಡಕ್ಕೂ ದಾರ ಕಟ್ಟುತ್ತಾನೆ. ಮೊದಲ ತಂತಿಗೆ ಒಂದು ಗಂಟು, ಎರಡನೆಯದಕ್ಕೆ ಎರಡು. ದಾರ ಅವನ ಹೆಂಡತಿಯ ಹೊಲಿಗೆ ಯಂತ್ರದ್ದು. ಇಪ್ಪತ್ತೆರಡು ವರ್ಷ ಹೀಗೆಯೇ ನಡೆಯಿತು. ಅವನು ಮುಟ್ಟಿದ ಒಂದು ಕಾರೂ ಹೊಗೆಯಾಡಲಿಲ್ಲ. ಶೆಡ್ಡಿನವರು ಪ್ರೀತಿಯಿಂದ ಗಂಟಣ್ಣನೆಂದು ಕರೆದರು, ಅದೇ ನಿಂತಿತು.

ಆಮೇಲೆ ಹೊಸ ಮ್ಯಾನೇಜರ್ ಬಂದ. ಬಂದ ವಾರವೇ ಎಲ್ಲರ ಕಣ್ಣು ಪರೀಕ್ಷೆ ಮಾಡಿಸಿದ. ಬಣ್ಣಬಣ್ಣದ ಚುಕ್ಕಿಗಳ ಪುಸ್ತಕವೊಂದನ್ನು ಗಂಟಣ್ಣನ ಮುಂದೆ ಹಿಡಿದು, "ಇದರಲ್ಲಿ ಯಾವ ನಂಬರ್ ಕಾಣುತ್ತೆ?" ಎಂದು ಕೇಳಿದ.

"ನಂಬರ್ ಎಲ್ಲಿದೆ ಸಾರ್? ಯಾರೋ ಕಾಳು ಚೆಲ್ಲಿದ ಹಾಗಿದೆ."

ಅಂದು ಮಧ್ಯಾಹ್ನವೇ ಅವನ ಬೆಂಚಿಗೆ ಬೀಗ ಬಿತ್ತು. ಕೈಗೆ ನೀರಿನ ಪೈಪು, ಕಾಲಿಗೆ ರಬ್ಬರ್ ಬೂಟು ಬಂದವು. ಇನ್ನು ಮುಂದೆ ಕಾರು ತೊಳೆಯುವುದಷ್ಟೇ ಅವನ ಕೆಲಸ.

ಮನೆಯಲ್ಲಿ ಹೆಂಡತಿ ಯಂತ್ರದಿಂದ ತಲೆಯೆತ್ತದೆ ಹೇಳಿದಳು: "ತೊಳೀರಿ, ತಪ್ಪೇನಿಲ್ಲ. ಆದ್ರೆ ನನಗೆ ಬೇರೆ ಕೆಲಸ ಬರಲ್ಲ ಅಂತ ಒಪ್ಕೊಂಡು ತೊಳೀಬೇಡಿ."

ಮೂರು ತಿಂಗಳು ಕಳೆದವು. ಒಂದು ದಿನ ಹಲ್ಲಿನ ಡಾಕ್ಟರಮ್ಮ ತನ್ನ ಹಳೆಯ ಕಾರು ತಂದಳು. ಅದು ಅವಳ ತಂದೆಯ ಕಾಲದ್ದು, ಅವಳಿಗಿಂತ ಎರಡು ವರ್ಷ ದೊಡ್ಡದು. ಶೆಡ್ಡಿನಲ್ಲಿ ನಿಂತಾಗ ಇಂಜಿನ್ ಒಳ್ಳೆಯ ಮಗುವಿನಂತೆ ಓಡುತ್ತಿತ್ತು; ರಸ್ತೆಗಿಳಿದು ನಾಲ್ಕು ಸಲ ಕುಲುಕಿದೊಡನೆ ಪ್ರಾಣ ಬಿಡುತ್ತಿತ್ತು. ಹಿರಿಯ ಮೆಕ್ಯಾನಿಕ್ ಕಿಡಿ ಹುಟ್ಟಿಸುವ ಕಾಯಿಲ್ ಬದಲಿಸಿದ, ಕಿಡಿಯ ಹೊತ್ತು ಗೊತ್ತುಮಾಡುವ ಪಾಯಿಂಟು ಬದಲಿಸಿದ, ಕೀಲಿ ಹಾಕುವ ಸ್ವಿಚ್ಚನ್ನೂ ಬದಲಿಸಿದ. ಕಾರು ಮತ್ತೆ ನಿಂತಿತು. ಕೊನೆಗೆ ಬ್ಯಾಟರಿಯಿಂದ ಕಾಯಿಲಿಗೆ ನೇರವಾಗಿ ಒಂದು ತಂತಿ ಎಳೆದು ಓಡಿಸಿದಾಗ ಮಾತ್ರ ನಿಲ್ಲಲಿಲ್ಲ. ಹಾಗಾದರೆ ದೋಷವಿರುವುದು ಸ್ವಿಚ್ಚಿನಿಂದ ಕಾಯಿಲಿಗೆ ಹೋಗುವ ತಂತಿಯಲ್ಲಿ. ಕಾರಿನ ರಿಪೇರಿ ಪುಸ್ತಕದ ಪ್ರಕಾರ ಅದು ಹಸಿರು. ಡ್ಯಾಶ್‌ಬೋರ್ಡಿನ ಕೆಳಗೆ ತಂತಿಗಳ ಕಂತೆಗೆ ಸುತ್ತಿದ್ದ ಪಟ್ಟಿ ಬಿಚ್ಚಿ, ಹಸಿರು ತಂತಿಯನ್ನು ಹುಡುಕಿ, ಕಣ್ಣಿಗೆ ಬಿದ್ದಷ್ಟು ತುಂಡು ಕತ್ತರಿಸಿ ಹೊಸದು ಹಾಕಿದರು. ಕಾರು ಬೀದಿಯ ತಿರುವಿನವರೆಗೆ ಹೋಗಿ ಮತ್ತೆ ನಿಂತಿತು.

ನಾಲ್ಕನೆಯ ದಿನ ಮ್ಯಾನೇಜರ್ ಹೇಳಿದ: "ಹೊರಗಿಂದ ಒಂದು ತಂತಿ ಎಳೆದು ಕಟ್ಟಿಬಿಡ್ತೀವಿ ಮೇಡಂ."

"ರೋಗ ಎಲ್ಲಿದೆ ಅಂತ ಗೊತ್ತಾಯ್ತಾ?" ಡಾಕ್ಟರಮ್ಮ ಕೇಳಿದಳು.

"ಅದು ಗೊತ್ತಾಗೋದು ಕಷ್ಟ."

"ಯಾವ ಹಲ್ಲು ಅಂತ ಗೊತ್ತಿಲ್ಲದೆ ನಾನು ಇಕ್ಕಳ ಹಾಕಲ್ಲ. ಇವತ್ತು ಸಂಜೆಯೊಳಗೆ ಹೇಳಿ, ಇಲ್ಲಾಂದ್ರೆ ಬೇರೆ ಕಡೆ ಒಯ್ತೀನಿ."

ಪಕ್ಕದಲ್ಲಿ ಬೇರೊಂದು ಕಾರಿನ ಚಕ್ರ ಉಜ್ಜುತ್ತಿದ್ದ ಗಂಟಣ್ಣ ಎದ್ದು ನಿಂತ. "ನಾನು ನೋಡ್ತೀನಿ."

"ನೀನು ನೋಡೋದೇ ತಾನೇ ತೊಂದರೆ?" ಎಂದ ಮ್ಯಾನೇಜರ್. ನಾಲ್ಕಾರು ಜನ ನಕ್ಕರು.

"ನಗ್ಲಿ ಸಾರ್. ಸಿಗಲಿಲ್ಲಾಂದ್ರೆ ಇದೇ ಪೈಪು ಹಿಡ್ಕೊಂಡಿರ್ತೀನಿ, ಬೆಂಚಿನ ಸುದ್ದಿ ಮತ್ತೆ ಎತ್ತಲ್ಲ. ಸಿಕ್ಕಿದ್ರೆ ನನ್ನ ಬೆಂಚು ನನಗೆ."

ಮ್ಯಾನೇಜರ್ ತಲೆಯಾಡಿಸುವ ಮೊದಲೇ ಡಾಕ್ಟರಮ್ಮ ಕೀಲಿಯನ್ನು ಗಂಟಣ್ಣನ ಒದ್ದೆ ಅಂಗೈಯಲ್ಲಿಟ್ಟಳು. "ಕಾರು ನನ್ನದು. ನೋಡ್ಲಿ ಬಿಡಿ."

ಅವನು ಇಂಜಿನ್ ಚಾಲೂ ಮಾಡಿ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿದ. ಬೂಟುಗಳೆರಡೂ ಬಾಗಿಲಿನಾಚೆ ನೀರು ತೊಟ್ಟಿಕ್ಕಿಸುತ್ತಿದ್ದವು. ಪುಸ್ತಕ ಕೇಳಲಿಲ್ಲ, ಟಾರ್ಚನ್ನೂ ಕೇಳಲಿಲ್ಲ. ಬಿಚ್ಚಿದ ಕಂತೆಯಿಂದ ಒಂದೊಂದೇ ತಂತಿಯನ್ನು ಬೆರಳುಗಳ ನಡುವೆ ಹಿಡಿದು, ಅಂಗುಲ ಅಂಗುಲವಾಗಿ ಒತ್ತುತ್ತಾ, ಬಾಗಿಸುತ್ತಾ ಹೋದ. ಒಂದು, ಎರಡು, ಮೂರು. ಐದನೆಯದನ್ನು ಬಾಗಿಸಿದಾಗ ಇಂಜಿನ್ ಕೆಮ್ಮಿತು. ಬಿಟ್ಟ, ಸರಿಹೋಯಿತು. ಮತ್ತೆ ಬಾಗಿಸಿದ. ಇಂಜಿನ್ ಪೂರ್ತಿ ನಿಂತೇಹೋಯಿತು.

"ಇದೇ ನೋಡಿ," ಎಂದ ಕೆಳಗಿನಿಂದ.

ಹಿರಿಯ ಮೆಕ್ಯಾನಿಕ್ ಬಗ್ಗಿ ನೋಡಿದ. "ಅಯ್ಯೋ ಮಾರಾಯ, ಅದು ಕೆಂಪು! ಹಿಂದಿನ ದೀಪದ್ದು. ಬಿಡು ಅದನ್ನ."

"ಕೆಂಪೋ ಕಪ್ಪೋ ನನಗೇನು? ಹಿಂದಿನ ದೀಪದ್ದಾದ್ರೆ ಇಂಜಿನ್ ಯಾಕೆ ಸಾಯ್ತು?"

ಮೆಕ್ಯಾನಿಕ್ ಹೋಗಿ ಬಲ್ಬು ತಂದುಕೊಟ್ಟ. ಬಲ್ಬು ಹಿಡಿದು ನೋಡಿದಾಗ ಸಂಗತಿ ಬಯಲಾಯಿತು. ಹಿಂದೆಂದೋ ಆ ಜಾಗದಲ್ಲಿ ಎರಡು ತಂತಿಗಳನ್ನು ಇಲಿ ಕಡಿದಿರಬೇಕು. ಯಾರೋ ರಿಪೇರಿಯವನು ಹಸಿರು ತಂತಿಯ ನಡುವೆ ಒಂದು ಗೇಣು ಕೆಂಪು ತುಂಡು, ಕೆಂಪು ತಂತಿಯ ನಡುವೆ ಒಂದು ಗೇಣು ಹಸಿರು ತುಂಡು ಸೇರಿಸಿದ್ದ. ಬೆಸುಗೆ ಹಾಕದೆ ಬರಿದೇ ತಿರುಚಿ ಪಟ್ಟಿ ಸುತ್ತಿದ್ದ. ಕಾಯಿಲಿನ ತಂತಿಯ ಆ ಜೋಡಣೆ ಸಡಿಲವಾಗಿ ಕಪ್ಪು ಹಿಡಿದಿತ್ತು. ಶೆಡ್ಡಿನವರು ಮೊನ್ನೆ ಬದಲಿಸಿದ ಹಸಿರು ತುಂಡು ನಿಜವಾಗಿ ಹಿಂದಿನ ದೀಪದ್ದು!

ಮ್ಯಾನೇಜರನ ಮುಖ ಒಮ್ಮೆಲೇ ಅರಳಿತು. "ನೋಡಿದ್ಯಾ? ಕೆಂಪು ಹಸಿರು ಗೊತ್ತಿಲ್ಲದೋನು ಮಾಡಿದ ಕೆಲಸ ಇದು. ನಿನ್ನ ತೆಗೆದಿದ್ದು ಇದಕ್ಕೇ!"

ಈ ಸಲ ಯಾರೂ ನಗಲಿಲ್ಲ. ಗಂಟಣ್ಣ ಹೊರಬಂದು ಕಾರಿನ ಬಾಗಿಲ ಹೊಸ್ತಿಲ ಮೇಲೆ ಕುಳಿತ.

"ಇರಬಹುದು ಸಾರ್. ಅವನೂ ನನ್ನಂಥೋನೇ ಇರಬಹುದು. ಆದ್ರೆ ಬಣ್ಣ ಅದಲುಬದಲಾದ ಮೇಲೂ ಈ ಕಾರು ವರ್ಷಗಟ್ಲೆ ಓಡಿದೆ. ನಿಲ್ಲಿಸಿದ್ದು ಬಣ್ಣ ಅಲ್ಲ, ಬೆಸುಗೆ ಇಲ್ಲದ ಜಾಯಿಂಟು. ಇನ್ನು ಬಣ್ಣ ಕಾಣೋರು ನಾಲ್ಕು ದಿನ ಏನು ಮಾಡಿದ್ರು? ಹಸಿರು ಅಂತ ನಂಬಿ ಅದನ್ನೇ ಜಗ್ಗಾಡಿದ್ರು. ಮೋಸ ಮಾಡಿದ್ದು ಯಾರ ಕಣ್ಣು, ನೀವೇ ಹೇಳಿ."

"ಅಂದ್ರೆ ನಾಲ್ಕು ದಿನ ಗಟ್ಟಿ ಹಲ್ಲನ್ನೇ ಕೊರೆದಿದ್ದೀರಿ ಅನ್ನಿ," ಎಂದಳು ಡಾಕ್ಟರಮ್ಮ.

ಗಂಟಣ್ಣ ಜೋಡಣೆಗಳನ್ನು ಉಜ್ಜಿ, ಬೆಸುಗೆ ಹಾಕಿ, ಪಟ್ಟಿ ಸುತ್ತಿದ. ಡಾಕ್ಟರಮ್ಮ ತಾನೇ ಕಾರು ಓಡಿಸಿಕೊಂಡು ಹೊರಟಳು. ಹಳ್ಳಬಿದ್ದ ರಸ್ತೆಗಳನ್ನೇ ಆರಿಸಿ ಅರ್ಧ ಗಂಟೆ ಸುತ್ತಿ ಬಂದಳು. ಕಾರು ಎಲ್ಲಿಯೂ ನಿಲ್ಲಲಿಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಒಂದು ಕಾಗದ ಬರೆದು ತಂದಿದ್ದ. "ಬೆಂಚು ತಗೋ. ಮೊದಲು ಇದಕ್ಕೆ ಸಹಿ ಹಾಕು."

ಗಂಟಣ್ಣ ಅದನ್ನು ಎರಡು ಸಲ ಓದಿದ. ತಂತಿಯ ಕೆಲಸದಲ್ಲಿ ಏನೇ ಅನಾಹುತವಾದರೂ ತಾನೊಬ್ಬನೇ ಹೊಣೆ ಎಂದು ಅದರಲ್ಲಿತ್ತು. ಮಡಚಿ ವಾಪಸು ಕೊಟ್ಟ.

"ನನ್ನೊಬ್ಬನ ಹೆಸರು ಯಾಕೆ? ಪ್ರತಿ ತಂತಿಯ ಎರಡು ತುದಿಗೂ ಬಲ್ಬು ಹಿಡಿದು ನೋಡಿಯೇ ಕಾರು ಒಪ್ಪಿಸ್ತೀವಿ ಅಂತ ಬರೀರಿ. ಎಲ್ಲರೂ ಸಹಿ ಹಾಕ್ಲಿ, ನಾನೂ ಹಾಕ್ತೀನಿ."

"ಇಲ್ಲಿ ಷರತ್ತು ಹಾಕೋನು ನೀನಾ?"

"ಹೌದು ಸಾರ್. ಇವತ್ತು ನಾನೇ."

ಮೊದಲು ಮಿಸುಕಿದವನು ಹಿರಿಯ ಮೆಕ್ಯಾನಿಕ್. ಅಂಗಿಗೆ ಕೈ ಒರೆಸಿಕೊಂಡು, "ಬರೀರಿ ಸಾರ್, ನಾನು ಹಾಕ್ತೀನಿ. ನಾಲ್ಕು ದಿನ ಮಾನ ಹೋಗಿದ್ದು ಸಾಕು," ಎಂದ. ಡಾಕ್ಟರಮ್ಮ ಕಾರಿಗೆ ಒರಗಿ ನಿಂತೇ ಇದ್ದಳು, ಹೊರಡುವ ಲಕ್ಷಣ ತೋರಿಸಲಿಲ್ಲ. ಮ್ಯಾನೇಜರ್ ಇನ್ನೊಂದು ಹಾಳೆ ತೆಗೆದು, ಗಂಟಣ್ಣ ಹೇಳಿದಂತೆಯೇ ಬರೆದ. ಒಬ್ಬೊಬ್ಬರಾಗಿ ಸಹಿ ಹಾಕಿದರು. ಕೊನೆಗೆ ಗಂಟಣ್ಣನೂ ನಿಧಾನವಾಗಿ, ದುಂಡಗೆ ತನ್ನ ಹೆಸರು ಬರೆದ. ಬಳಿಕ ಹಾಳೆಯನ್ನು ಮ್ಯಾನೇಜರನ ಕಡೆಗೆ ತಿರುಗಿಸಿ, ಕೆಳಗಿನ ಖಾಲಿ ಜಾಗದ ಮೇಲೆ ಬೆರಳಿಟ್ಟ.

"ಇಲ್ಲಿ ಜಾಗ ಇದೆ ಸಾರ್."

ಮ್ಯಾನೇಜರ್ ಸಹಿ ಹಾಕುವವರೆಗೂ ಅವನು ಆ ಬೆರಳನ್ನು ಎತ್ತಲಿಲ್ಲ.