ಕೊನೆಯ ಸಾಲಿನ ಎರಡು ಗಣ

ಬೇಲೂರಿನ ಕೋಮಲವಲ್ಲಿ ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತರಾದವರು. ಈಗಲೂ ಮದುವೆ ಕಾಗದದಲ್ಲಿ ನಾಲ್ಕು ಸಾಲು ಪದ್ಯ ಕಂಡರೆ ಸಾಕು, ಪೆನ್ಸಿಲು ತೆಗೆದು ಲಘು ಗುರು ಹಾಕಿ, ಮಾತ್ರೆ ಎಣಿಸಿದ ಮೇಲೆಯೇ ಮದುಮಗನ ಹೆಸರು ಓದುವುದು. ಕೆಟ್ಟ ಚಾಳಿಯೆಂದು ಅವರಿಗೂ ಗೊತ್ತು, ಬಿಡಲಾಗಿಲ್ಲ.

ಈಚೆಗೆ ಅವರ ತಲೆ ತಿನ್ನುತ್ತಿದ್ದದ್ದು ಹುಲಿಕೆರೆಯ ದ್ಯಾವಮ್ಮನ ರಾಗಿ ಬೀಸುವ ಪದ. ಹೋದ ತಿಂಗಳು ಅವಳು ಬೀಸುತ್ತಾ ಹಾಡಿದ್ದನ್ನು ಫೋನಿನಲ್ಲಿ ಹಿಡಿದು ತಂದಿದ್ದರು:

ಕಲ್ಲವ್ವ ನಿಲ್ಲದಿರು
ಎಲ್ಲಾರು ಉಣಬೇಕು
ಮೆಲ್ಲಾಗೆ ತಿರುಗವ್ವ ತಿರುಗವ್ವ ತಿರುಗವ್ವ

ಮೂರು ಸಾಲಿಗೂ ಎರಡನೆಯ ಅಕ್ಷರ ಒಂದೇ, ಪ್ರಾಸ ಪಕ್ಕಾ. ಐದೈದು ಮಾತ್ರೆಯ ಗಣ, ಸಾಲಿಗೆ ಎರಡು. ಅಕ್ಷರ ಬಾರದ ಹೆಂಗಸು ಇಷ್ಟು ಸರಿಯಾಗಿ ತೂಗಿದಳಲ್ಲ ಎಂದು ಕೋಮಲವಲ್ಲಿಗೆ ಹೊಟ್ಟೆಕಿಚ್ಚೇ ಆಯಿತು. ಆದರೆ ಕೊನೆಯ ಸಾಲಿನಲ್ಲಿ ಎರಡು ಗಣ ಹೆಚ್ಚು. ಸುತ್ತಲಿನ ಹಳ್ಳಿಗಳ ಪದಗಳನ್ನು ಪುಸ್ತಕವಾಗಿ ತರುತ್ತಿದ್ದ ಸಂಪತ್ಕುಮಾರ್, ಹೆಚ್ಚಿನದನ್ನು ಹೊಡೆದುಹಾಕಿ ಸೋಮವಾರ ಕಳಿಸಿ ಎಂದಿದ್ದರು. ಈ ಪದ ದ್ಯಾವಮ್ಮನಿಗೆ ಬಿಟ್ಟರೆ ಬೇರೆ ಯಾರಿಗೂ ಬಾರದು. ಅಚ್ಚಾದದ್ದೇ ಮುಂದೆ ಉಳಿಯುವುದು. ಹೊಡೆಯಲು ಕೈ ಬಾರದೆ ಕೋಮಲವಲ್ಲಿ ಭಾನುವಾರ ಬಸ್ಸು ಹತ್ತಿದರು.

ಕಲ್ಲಿಲ್ಲದೆ ಬಾಯಿ ಓಡುವುದಿಲ್ಲ ಎಂದಳು ದ್ಯಾವಮ್ಮ. ಸರಿ, ಕೋಮಲವಲ್ಲಿಯೂ ಸೆರಗು ಸಿಕ್ಕಿಸಿ ಎದುರು ಕೂತು ಗೂಟಕ್ಕೆ ಕೈ ಹಾಕಿದರು. ಮಿಕ್ಸಿ ಗುಂಡಿ ತಿರುಗಿಸಿ ರೂಢಿಯಾದ ಕೈ, ನಾಲ್ಕು ಸುತ್ತಿಗೇ ಭುಜ ಸೋತಿತು. ದ್ಯಾವಮ್ಮ ನಗುತ್ತಲೇ ಹಾಡಿದಳು. ಕೊನೆಯ ಸಾಲಿಗೆ ಬಂದಾಗ ಅವಳ ಕೈ ಗೂಟ ಬಿಟ್ಟು ಮೊರಕ್ಕೆ ಹೋಯಿತು, ಒಂದು ಹಿಡಿ ರಾಗಿ ಕಲ್ಲಿನ ಬಾಯಿಗೆ ಬಿತ್ತು, ಪದ ಮತ್ತೆ ಮೊದಲಿಗೆ ಹೋಯಿತು. ‘ತಿರುಗವ್ವ’ ಬಂದದ್ದು ಒಂದೇ ಸಲ.

ಇನ್ನೊಮ್ಮೆ ಹಾಡಿಸಿದರು. ಆಗಲೂ ಒಂದೇ. ಸಂಪತ್ಕುಮಾರರ ಲೆಕ್ಕವೇ ಸರಿಯಾಯಿತಲ್ಲ ಎಂದು ಕೋಮಲವಲ್ಲಿ ಪೆಚ್ಚಾದರು. ಹಾಗಾದರೆ ಹೋದ ತಿಂಗಳು ಮೂರು ಸಲ ಅಂದದ್ದು ತಪ್ಪೇ ಎಂದು ಕೇಳಿದರು.

“ತಪ್ಪೇನಲ್ಲ ಮೇಡಮ್ಮೋರೆ. ನಮ್ ವಾರಗಿತ್ತಿ ರುದ್ರಮ್ಮ ಎದುರಿಗೆ ಕೂತಿದ್ದಾಗ ಒಂದೇ ಸಲ ಅಂತಿದ್ವಿ. ಅವ್ಳು ತೀರ್ಕಂಡ್ಮೇಲೆ ನಾನು ಕಾಳು ಹಾಕಕ್ಕೆ ಕೈ ಬಿಟ್ರೆ ಕಲ್ಲು ನಿಂತೋಯ್ತದೆ. ಅದು ತಿರ್ಗ ಓಟ ಹಿಡಿಯೋವರ್ಗೂ ಅದ್ನೇ ಅಂತಿರ್ತೀನಿ.” ಕಲ್ಲಿನ ಮೇಲಿನ ಹಿಟ್ಟು ಒರೆಸಿದಳು. “ಇವತ್ತು ನೀವು ಇಡ್ಕಂಡಿದ್ರಲ್ಲ.”

ಮೊರದಲ್ಲಿದ್ದ ರಾಗಿ ಮುಗಿಯುವವರೆಗೂ ಕೋಮಲವಲ್ಲಿ ಗೂಟ ಬಿಡಲಿಲ್ಲ.

ಸೋಮವಾರ ಕಳಿಸಿದ ಹಾಳೆಯಲ್ಲಿ ‘ತಿರುಗವ್ವ’ ಮೂರು ಸಲವೂ ಇತ್ತು. ಅಡಿಯಲ್ಲಿ ಒಂದೇ ಸಾಲಿನ ಟಿಪ್ಪಣಿ: ಇಬ್ಬರಿದ್ದರೆ ಒಂದು ಸಲ.